ಕಾರ್ನ್ ಸ್ನೇಕ್ ಮರಿಗಳಿಗೆ ಮನೆಯಲ್ಲೇ ರ‍್ಯಾಕ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಟೆಕ್ಸಾಸ್ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ. ಮನೆಯಲ್ಲಿ ಒಂದು ಜೋಡಿ ಕಾರ್ನ್ ಸ್ನೇಕ್ ಮತ್ತು ಒಂದು ಗಂಡು ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು) ಇವೆ. ಕಾರ್ನ್ ಹೆಣ್ಣು ಹೋದ ತಿಂಗಳು ಮೊಟ್ಟೆ ಇಟ್ಟಿತು. ಹದಿನಾಲ್ಕು ಮೊಟ್ಟೆ ಚೆನ್ನಾಗಿವೆ, 82 ಡಿಗ್ರಿ ಫ್ಯಾರನ್‌ಹೀಟ್‌ಗೆ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿದ್ದೇನೆ. ಸುಮಾರು ಎರಡು ತಿಂಗಳಿಗೆ ಮರಿ ಬರುತ್ತವೆ ಅಲ್ವಾ? ಹಾಗಾದರೆ ನನ್ನ ಕೈಯಲ್ಲಿ ಇನ್ನು ಒಂದು ತಿಂಗಳು ಉಳಿದಿದೆ.

ಮರಿಗಳನ್ನು ಒಂದೇ ಡಬ್ಬದಲ್ಲಿ ಇಡಬಾರದು, ಒಂದನ್ನೊಂದು ನುಂಗುವುದೂ ಉಂಟು ಅಂತ ಓದಿದ್ದೇನೆ. ಹಾಗಾಗಿ ಪ್ರತಿ ಮರಿಗೂ ಬೇರೆ ಡಬ್ಬ ಬೇಕು, ಆ ಡಬ್ಬಗಳನ್ನು ಡ್ರಾಯರ್‌ನಂತೆ ಸಾಲಾಗಿ ತೂರಿಸಿಡುವ ರ‍್ಯಾಕ್ ಬೇಕು. ರೆಡಿಮೇಡ್ ರ‍್ಯಾಕ್‌ನ ಬೆಲೆ ನೋಡಿ ಸುಮ್ಮನಾದೆ. ಕಳುಹಿಸುವ ಖರ್ಚೇ ಇನ್ನೊಂದು ರ‍್ಯಾಕ್‌ನಷ್ಟಾಗುತ್ತದೆ. ಮರಗೆಲಸ ಸ್ವಲ್ಪ ಬರುತ್ತದೆ, ಪುಸ್ತಕದ ಕಪಾಟು ಮಾಡಿದ್ದೇನೆ. ಗ್ಯಾರೇಜಿನಲ್ಲಿ ವೃತ್ತಾಕಾರದ ಗರಗಸ, ಡ್ರಿಲ್, ರೂಟರ್ (ಮರದಲ್ಲಿ ತಗ್ಗು ಕೊರೆಯುವ ಯಂತ್ರ) ಇವೆ.

ಪ್ಲೈವುಡ್ ತರಲಾ, ಮೆಲಮೈನ್ (ನುಣುಪು ಪದರ ಅಂಟಿಸಿದ ಮರದ ಪುಡಿಯ ಹಲಗೆ) ತರಲಾ? ಹೀಟ್ ಟೇಪ್ (ಕರೆಂಟ್‌ನಿಂದ ಬಿಸಿಯಾಗುವ ತೆಳ್ಳನೆ ಪಟ್ಟಿ) ಎಲ್ಲಿ ಹಾಕಬೇಕು? ಕೆಳಗೆ ಒಂದು ದೊಡ್ಡ ಡಬ್ಬದ ಸಾಲು ಮಾಡಿ ಬಾಲ್ ಪೈಥಾನ್ ಅನ್ನೂ ಅಲ್ಲೇ ಇಡಬಹುದಾ? ಹೆಂಡತಿಯದು ಒಂದೇ ಷರತ್ತು: ಒಂದು ಮರಿಯೂ ಡಬ್ಬದಿಂದ ತಪ್ಪಿಸಿಕೊಂಡು ಮನೆಯೊಳಗೆ ಓಡಾಡಬಾರದು.

ಶಿರಸಿ ಬಡಗಿ ಬರೆದದ್ದು:

ನಮಸ್ಕಾರ. ನಾನು ನಾರ್ತ್ ಕ್ಯಾರೋಲಿನಾದ ರ‍್ಯಾಲಿ ನಗರದಲ್ಲಿದ್ದೇನೆ. ಊರು ಶಿರಸಿ ಹತ್ತಿರ. ಅಪ್ಪ ಬಡಗಿ. ಉಳಿ ಹಿಡಿಯೋದನ್ನು ಅವರಿಂದ ಕಲಿತೆ, ಹಾವು ಸಾಕೋದನ್ನು ಇಲ್ಲಿಗೆ ಬಂದ ಮೇಲೆ ಕಲಿತೆ. ಕಾರ್ನ್ ಸ್ನೇಕ್ ಈ ಕಡೆಯ ಕಾಡಿನದ್ದೇ ಹಾವು. ಅಮೆರಿಕದ ಆಗ್ನೇಯ ರಾಜ್ಯಗಳ ಪೈನ್ ಕಾಡು, ಹೊಲ, ಹಳೇ ಕೊಟ್ಟಿಗೆಗಳಲ್ಲಿ ಇಲಿ ಹಿಡಿದು ಬದುಕುವ ಪ್ರಾಣಿ. ಮರ ಹತ್ತುತ್ತದೆ, ಗೋಡೆ ಸಂದಿಯಲ್ಲಿ ತೂರುತ್ತದೆ. ಈ ಸ್ವಭಾವವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮೊಳೆ ಹೊಡೆಯಬೇಕು.

ನೀವು ಮರದ ಪ್ರಶ್ನೆ ಮೊದಲು ಕೇಳಿದ್ದೀರಿ. ನಾನು ಡಬ್ಬದಿಂದ ಶುರು ಮಾಡುತ್ತೇನೆ. ರ‍್ಯಾಕ್‌ನಲ್ಲಿ ಡಬ್ಬಕ್ಕೆ ಮುಚ್ಚಳ ಇರುವುದಿಲ್ಲ. ಮೇಲಿನ ಹಲಗೆಯೇ ಮುಚ್ಚಳ. ಡಬ್ಬದ ಅಂಚಿಗೂ ಹಲಗೆಗೂ ನಡುವೆ ಎಷ್ಟು ಸಂದಿ ಉಳಿಯುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಆಗ ತಾನೇ ಹೊರಬಂದ ಕಾರ್ನ್ ಮರಿ ಪೆನ್ಸಿಲ್ ದಪ್ಪ ಇರುತ್ತದೆ, ಉದ್ದ ಹತ್ತು ಇಂಚಿನ ಆಸುಪಾಸು. ತಲೆ ತೂರಿದರೆ ಮೈ ತೂರಿದ ಹಾಗೆಯೇ. ಸಂದಿ ಇಂಚಿನ ಹದಿನಾರರಲ್ಲಿ ಒಂದು ಭಾಗ ಇರಲಿ. ಎಂಟರಲ್ಲಿ ಒಂದು ಭಾಗವೇ ಮರಿಗೆ ಜಾಸ್ತಿ. ಕ್ರೆಡಿಟ್ ಕಾರ್ಡ್ ಒಂದು ಸರಾಗವಾಗಿ ಹೋಗಬೇಕು, ಎರಡು ಸೇರಿಸಿದರೆ ಬಿಗಿಯಾಗಬೇಕು. ಅದೇ ಸರಿಯಾದ ಅಳತೆ.

ಆದ್ದರಿಂದ ಮೊದಲು ಡಬ್ಬ ಕೊಂಡು ತನ್ನಿ. ಆರು ಕ್ವಾರ್ಟ್‌ನ ಶೂ ಬಾಕ್ಸ್ ಅಂತ ಸಿಗುತ್ತದಲ್ಲ, ಸುಮಾರು 14 ಇಂಚು ಉದ್ದ, 8 ಇಂಚು ಅಗಲದ್ದು, ಮರಿಗಳಿಗೆ ಅದು ಸಾಕು. ಪೆಟ್ಟಿಗೆ ಮೇಲೆ ಬರೆದ ಅಳತೆಯನ್ನು ನಂಬಬೇಡಿ. ಅದರಲ್ಲಿ ಮುಚ್ಚಳವೂ ಸೇರಿರುತ್ತದೆ. ಮುಚ್ಚಳ ತೆಗೆದು, ಒಳಗೆ ನೀರಿನ ಬಟ್ಟಲು ಇಟ್ಟು, ನೀವೇ ಅಳೆಯಿರಿ. ಒಂದೇ ರಾಶಿಯಿಂದ ಹದಿನೈದು ತೆಗೆದುಕೊಳ್ಳಿ, ಮೇಲೆ ಮೂರು ಹೆಚ್ಚಿಗೆ ಇರಲಿ. ಕಂಪನಿಯವರು ಯಾವಾಗ ಬೇಕಾದರೂ ಅಚ್ಚು ಬದಲಿಸುತ್ತಾರೆ. ಅಂಚು ಸ್ವಲ್ಪ ಎತ್ತರವಾದರೂ ಆಮೇಲೆ ತಂದ ಡಬ್ಬ ನಿಮ್ಮ ರ‍್ಯಾಕ್‌ಗೆ ಹೋಗುವುದಿಲ್ಲ.

ಈಗ ಮರ. ಮುಕ್ಕಾಲು ಇಂಚಿನ ಮೆಲಮೈನ್ ಬೋರ್ಡ್ ತನ್ನಿ. ನುಣುಪಾಗಿರುವುದರಿಂದ ಡಬ್ಬ ಚೆನ್ನಾಗಿ ಜಾರುತ್ತದೆ, ಒರೆಸಿದರೆ ಶುದ್ಧ. ಭಾರ ಮಾತ್ರ ಇದೆ. ಜೊತೆಗೆ ಕತ್ತರಿಸಿದ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ. ಹಾಗಾಗಿ ಎಲ್ಲ ಅಂಚಿಗೂ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಪಟ್ಟಿ ಹಾಕಿಬಿಡಿ, ಹಿಂದಿನ ಅಂಚನ್ನೂ ಬಿಡಬೇಡಿ. ಪ್ಲೈವುಡ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಪಾಲಿಯುರೆಥೇನ್ ಬಳಿದು ವಾಸನೆ ಪೂರ್ತಿ ಹೋಗುವವರೆಗೆ ಕಾಯಬೇಕು. ನಿಮಗೆ ಇರುವುದು ಒಂದೇ ತಿಂಗಳು. ಸೀಡರ್ ಮರವನ್ನು ಮಾತ್ರ ಎಲ್ಲೂ ಬಳಸಬೇಡಿ, ಹಲಗೆಯಾಗಿಯೂ ಬೇಡ, ಹೊಟ್ಟಾಗಿಯೂ ಬೇಡ. ಅದರ ಎಣ್ಣೆ ಹಾವಿಗೆ ವಿಷ.

ಇಲ್ಲಿ ಮೆಲಮೈನ್ ಹಾಳೆ 49 ಇಂಚು ಅಗಲ, 97 ಇಂಚು ಉದ್ದ ಬರುತ್ತದೆ. ಒಂದು ಸಾಲಿಗೆ ಮೂರು ಡಬ್ಬ, ಐದು ಸಾಲು ಅಂದರೆ ಹದಿನೈದು. ಹಾಳೆಯನ್ನು ಉದ್ದಕ್ಕೆ ಹದಿನೈದೂವರೆ ಇಂಚಿನ ಮೂರು ಪಟ್ಟಿ ಮಾಡಿಸಿ. ಎರಡು ಪಟ್ಟಿಯಲ್ಲಿ ಆರು ಹಲಗೆ, ಮೂರನೆಯದರಲ್ಲಿ ಎರಡು ಪಕ್ಕದ ಗೋಡೆ. ಒಂದೇ ಹಾಳೆಯಲ್ಲಿ ಎಲ್ಲ ಮುಗಿಯುತ್ತದೆ. ಅಂಗಡಿಯಲ್ಲೇ ಉದ್ದ ಪಟ್ಟಿ ಕತ್ತರಿಸಿಕೊಡುತ್ತಾರೆ, ಮನೆಯಲ್ಲಿ ಅಷ್ಟು ಭಾರದ ಹಾಳೆ ಒಬ್ಬರೇ ಎತ್ತಬೇಡಿ. ಅಡ್ಡ ಕತ್ತರಿಸುವಾಗ ಗೆರೆ ಮೇಲೆ ಮೊದಲು ಚಾಕು ಎಳೆದರೆ ಮೇಲ್ಪದರ ಚೂರಾಗುವುದಿಲ್ಲ. ಸ್ಕ್ರೂಗೆ ಮುಂಚೆ ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಈ ಬೋರ್ಡಿನ ಧೂಳು ಬಹಳ ಕೆಟ್ಟದ್ದು.

ಹಲಗೆ ಡೊಂಕಾಗುವ ವಿಷಯ ಜನ ಮರೆಯುತ್ತಾರೆ. ಮೂರಡಿ ಉದ್ದದ ಹಲಗೆ ವರ್ಷ ಕಳೆದಂತೆ ನಡುವೆ ಬಾಗುತ್ತದೆ. ಕೆಳಗಿನದು ಮೇಲಿನದಕ್ಕಿಂತ ಜಾಸ್ತಿ ಬಾಗಿತೋ, ನಡುವಿನ ಡಬ್ಬದ ಮೇಲೆ ಸಂದಿ ತೆರೆಯಿತು ಅಂತಲೇ ಲೆಕ್ಕ. ಮಾಡಿದ ದಿನ ಇದು ಕಾಣುವುದಿಲ್ಲ. ನಿಮ್ಮ ಹಲಗೆ 26 ಇಂಚಿನ ಸುತ್ತಮುತ್ತ ಇರುವುದರಿಂದ ಭಯವಿಲ್ಲ. ಆದರೂ ಹಿಂಬದಿಗೆ ನಡುವೆ ಒಂದು ನಿಂತ ಪಟ್ಟಿ ಹೊಡೆದು ಪ್ರತಿ ಹಲಗೆಗೂ ಸ್ಕ್ರೂ ಹಾಕಿ. ಅದೇ ಪಟ್ಟಿ ನಡುವಿನ ಡಬ್ಬ ತೀರಾ ಹಿಂದಕ್ಕೆ ಹೋಗದಂತೆಯೂ ತಡೆಯುತ್ತದೆ. ಹಿಂದೆ ಒಂದೂವರೆ ಇಂಚು ವೈರ್‌ಗೆ ಜಾಗ ಉಳಿಯಬೇಕು.

ಹೀಟ್ ಟೇಪ್ ಅನ್ನು ಪ್ರತಿ ಹಲಗೆಯ ಹಿಂಭಾಗದಲ್ಲಿ, ಎಡದಿಂದ ಬಲಕ್ಕೆ ಹಾಸಬೇಕು. ಮೂರು ಇಂಚಿನದು ಸಾಕು. ಡಬ್ಬದ ತಳದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಿಸಿಯಾಗಬಾರದು. ಹಾವಿಗೆ ಮೈಯೊಳಗೆ ಬಿಸಿ ಹುಟ್ಟಿಸುವ ಶಕ್ತಿ ಇಲ್ಲ. ಬಿಸಿ ಬೇಕೆಂದಾಗ ಹಿಂದೆ ಹೋಗುತ್ತದೆ, ಸಾಕೆಂದಾಗ ಮುಂದೆ ಬರುತ್ತದೆ. ಆ ಆಯ್ಕೆಯನ್ನು ಅದಕ್ಕೆ ಕೊಡುವುದೇ ಈ ಕೆಲಸದ ಮುಖ್ಯ ಭಾಗ. ಟೇಪ್ ಕೂರುವ ಜಾಗದಲ್ಲಿ ರೂಟರ್‌ನಿಂದ ತೆಳ್ಳಗೆ ತಗ್ಗು ಮಾಡಿ. ಇಲ್ಲದಿದ್ದರೆ ಪ್ರತಿ ಸಲ ಡಬ್ಬ ಎಳೆದಾಗಲೂ ಟೇಪ್ ಕೆರೆಯುತ್ತದೆ.

ಟೇಪ್‌ನ ಎರಡೂ ಅಂಚಿನಲ್ಲಿ ತಾಮ್ರದ ಪಟ್ಟಿ ಓಡುತ್ತದೆ, ನಡುವೆ ಅಡ್ಡಡ್ಡ ಕಪ್ಪು ಗೆರೆಗಳು. ಕತ್ತರಿ ಹಾಕುವುದು ಎರಡು ಕಪ್ಪು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ. ಮಡಚಬಾರದು, ಒಂದರ ಮೇಲೊಂದು ಬರಬಾರದು. ಕತ್ತರಿಸಿದ ತುದಿಯಲ್ಲಿ ಬರಿ ತಾಮ್ರ ಕಾಣುತ್ತದೆ, ಅದನ್ನು ಇನ್ಸುಲೇಶನ್ ಟೇಪ್‌ನಿಂದ ಮುಚ್ಚಿ. ಅಲ್ಯೂಮಿನಿಯಂ ಟೇಪ್‌ನಿಂದ ಹಲಗೆಗೆ ಅಂಟಿಸುವ ಅಭ್ಯಾಸ ಇದೆ. ಅದು ಕರೆಂಟ್ ಹರಿಯುವ ಲೋಹ. ಕ್ಲಿಪ್ ಹತ್ತಿರ, ಕತ್ತರಿಸಿದ ತುದಿ ಹತ್ತಿರ ಅದು ಸುಳಿಯಲೂಬಾರದು. ಪ್ರತಿ ತುಂಡಿನ ವೈರನ್ನೂ ಪ್ಯಾರಲಲ್ ಆಗಿ ಜೋಡಿಸಿ, ಇಡೀ ರ‍್ಯಾಕ್ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ) ಸಾಕೆಟ್‌ನಲ್ಲಿ ಇರಲಿ. ವೈರಿಂಗ್ ಬಗ್ಗೆ ಎಳ್ಳಷ್ಟು ಅನುಮಾನ ಇದ್ದರೂ ಎಲೆಕ್ಟ್ರಿಷಿಯನ್ ಕರೆಯಿರಿ.

ಥರ್ಮೋಸ್ಟಾಟ್‌ಗೆ ಬಂದೆ, ಬಿಸಿಯನ್ನು ಹಿಡಿತದಲ್ಲಿಡುವ ಸಾಧನ ಅದು. ಮರಕ್ಕಿಂತ ಇದಕ್ಕೆ ಜಾಸ್ತಿ ದುಡ್ಡು ಹಾಕಿ. ಹೀಟ್ ಟೇಪ್ ತಾನಾಗಿ ನಿಲ್ಲುವ ವಸ್ತುವಲ್ಲ. ನೇರವಾಗಿ ಪ್ಲಗ್‌ಗೆ ಹಾಕಿದರೆ ನೂರು ಫ್ಯಾರನ್‌ಹೀಟ್ ಸಲೀಸಾಗಿ ದಾಟುತ್ತದೆ. ಹಾವು ಸುಡುವ ಜಾಗದಿಂದ ಎದ್ದು ಹೋಗುತ್ತದೆ ಅಂತ ಭಾವಿಸಬೇಡಿ. ಹೊಟ್ಟೆಯ ಚರ್ಮ ಸುಟ್ಟು ಬೊಬ್ಬೆ ಬರುವವರೆಗೂ ಅಲ್ಲೇ ಮಲಗಿರುವುದುಂಟು. ಪ್ರೊಪೋರ್ಷನಲ್ ಥರ್ಮೋಸ್ಟಾಟ್ ಆದರೆ ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತಾ ಬಿಸಿಯನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಅಗ್ಗದ ಆನ್-ಆಫ್ ಮಾದರಿ ಪೂರ್ತಿ ಹಚ್ಚಿ ಪೂರ್ತಿ ಆರಿಸುತ್ತದೆ. ನಾನು ಎರಡನ್ನೂ ಇಟ್ಟಿದ್ದೇನೆ. ಒಳ್ಳೆಯದು ಕೆಲಸ ಮಾಡಲು, ಅಗ್ಗದ್ದು ಅದಕ್ಕಿಂತ ಐದು ಡಿಗ್ರಿ ಮೇಲೆ ಕಾವಲಿಗೆ. ಮೊದಲನೆಯದು ಕೆಟ್ಟು ಆನ್ ಆಗಿಯೇ ನಿಂತರೆ ಎರಡನೆಯದು ಕರೆಂಟ್ ಕಡಿಯುತ್ತದೆ.

ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ವೈರ್ ತುದಿ, ಡಬ್ಬದ ಒಳಗೆ ಬೇಡ. ಹಾವು ಅದನ್ನು ಎಳೆದು ತಣ್ಣನೆ ಮೂಲೆಗೆ ಹಾಕುತ್ತದೆ, ಇಲ್ಲ ನೀರು ಚೆಲ್ಲುತ್ತದೆ. ಆಗ ಥರ್ಮೋಸ್ಟಾಟ್‌ಗೆ ತಣ್ಣಗಿದೆ ಅನ್ನಿಸಿ ಟೇಪ್ ಕಾಯುತ್ತಲೇ ಹೋಗುತ್ತದೆ. ನಡುವಿನ ಸಾಲಿನಲ್ಲಿ, ಟೇಪ್ ಮೇಲೆ, ಡಬ್ಬದ ತಳದ ಕೆಳಗೆ ಗಟ್ಟಿಯಾಗಿ ಅಂಟಿಸಿ. ಕಾರ್ನ್ ಮರಿಗೆ ಬಿಸಿ ಭಾಗ 82ರಿಂದ 84 ಫ್ಯಾರನ್‌ಹೀಟ್, ಮುಂದಿನ ಭಾಗ 75ರ ಹತ್ತಿರ ಇದ್ದರೆ ಸಾಕು. ಡಬ್ಬದ ತಳ ಟೇಪ್‌ಗಿಂತ ಕೆಲವು ಡಿಗ್ರಿ ತಂಪಾಗಿರುತ್ತದೆ. ಹಾಗಾಗಿ ಇನ್‌ಫ್ರಾರೆಡ್ ಗನ್‌ನಿಂದ ಒಳಗಿನ ತಳವನ್ನೇ ಅಳೆದು ಥರ್ಮೋಸ್ಟಾಟ್ ಹೊಂದಿಸಿ. ಮೇಲಿನ ಸಾಲುಗಳು ಯಾವಾಗಲೂ ಸ್ವಲ್ಪ ಬಿಸಿ. ಮೊಟ್ಟೆ ಒಡೆಯುವ ಮುಂಚೆ ಒಂದು ವಾರವಾದರೂ ಖಾಲಿ ಡಬ್ಬಗಳೊಂದಿಗೆ ರ‍್ಯಾಕ್ ಓಡಿಸಿ, ಬೆಳಿಗ್ಗೆ ರಾತ್ರಿ ಅಳೆಯಿರಿ.

ಗಾಳಿಗೆ ತೂತು: ಸಾಲ್ಡರಿಂಗ್ ಐರನ್‌ನಿಂದ ಒಳಗಿನಿಂದ ಹೊರಗೆ ಚುಚ್ಚಿ. ಕರಗಿದ ಪ್ಲಾಸ್ಟಿಕ್‌ನ ಚೂಪು ಹೊರಗಡೆ ಬರುತ್ತದೆ, ಮರಿಯ ಮೂತಿ ಉಜ್ಜಿ ಗಾಯವಾಗುವುದಿಲ್ಲ. ತೂತು ಚಿಕ್ಕದಿರಲಿ, ಬೇಕಾದರೆ ಸಂಖ್ಯೆ ಹೆಚ್ಚಿಸಿ. ಹೊಗೆ ಕೆಟ್ಟದ್ದು, ಹಿತ್ತಲಲ್ಲಿ ಕುಳಿತು ಮಾಡಿ.

ಒಳಗೆ ಟಿಶ್ಯೂ ಪೇಪರ್, ಅಡಗಲು ಒಂದು ಚಿಕ್ಕ ಗೂಡು, ತಂಪು ಕಡೆ ನೀರು. ಮೊದಲ ಪೊರೆ ಬಿಡಲು ಒಂದು ವಾರ ಹತ್ತು ದಿನ ಬೇಕು. ಅದಾದ ಮೇಲೆ ಪಿಂಕಿ ಇಲಿ (ಇನ್ನೂ ಕೂದಲು ಬರದ ಇಲಿ ಮರಿ) ಕೊಡಿ. ಅಷ್ಟರವರೆಗೆ ಸುಮ್ನೆ ಬಿಟ್ಟುಬಿಡಿ.

ಲೀಡ್ಸ್ ಹುಡುಗಿ ಬರೆದದ್ದು:

ಶಿರಸಿ ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ಬಾಲ್ ಪೈಥಾನ್ ಪ್ರಶ್ನೆ ಉಳಿದುಬಿಟ್ಟಿತು. ನಾನು ಇಂಗ್ಲೆಂಡಿನಲ್ಲಿ ಇರುವುದರಿಂದ ಸ್ವಲ್ಪ ಬೇರೆ ನೋಡುತ್ತೇನೆ. ಇಲ್ಲಿ ಆರ್‌ಎಸ್‌ಪಿಸಿಎ (ಪ್ರಾಣಿ ದಯಾ ಸಂಸ್ಥೆ) ಹೇಳುವುದೇ ಹಾವು ಪೂರ್ತಿ ಉದ್ದಕ್ಕೆ ಚಾಚಿಕೊಳ್ಳುವಷ್ಟು ಜಾಗ ಇರಬೇಕು ಅಂತ. ನನ್ನ ಬಾಲ್ ಪೈಥಾನ್ ನಾಲ್ಕಡಿಯ ಮರದ ವಿವೇರಿಯಂನಲ್ಲಿದೆ, ಅಂದರೆ ಹಾವು ಸಾಕುವ ದೊಡ್ಡ ಪೆಟ್ಟಿಗೆಯಲ್ಲಿ. ರಾತ್ರಿ ಕೊಂಬೆ ಹತ್ತುತ್ತದೆ. ಇದು ನೆಲದ ಹಾವು, ಹತ್ತುವುದೇ ಇಲ್ಲ ಅಂತ ಹೇಳುವವರು ಒಮ್ಮೆ ಅದಕ್ಕೆ ಕೊಂಬೆ ಇಟ್ಟು ನೋಡಬೇಕು. 2021ರಲ್ಲಿ ಜರ್ಮನಿಯ ಸಂಶೋಧಕರು ರ‍್ಯಾಕ್‌ನಲ್ಲಿರುವ ಬಾಲ್ ಪೈಥಾನ್‌ಗಳನ್ನೂ ಟೆರೇರಿಯಂ ಅನ್ನುವ ದೊಡ್ಡ ಪೆಟ್ಟಿಗೆಯಲ್ಲಿರುವವನ್ನೂ ಹೋಲಿಸಿ ನೋಡಿ, ರ‍್ಯಾಕ್‌ನಲ್ಲಿ ಅವುಗಳ ಸಹಜ ನಡವಳಿಕೆಗೆ ಅವಕಾಶ ಸಿಗುವುದಿಲ್ಲ ಅಂತ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಹಾವನ್ನು ಜೀವಮಾನವಿಡೀ ಆರು ಇಂಚು ಎತ್ತರದ ಡಬ್ಬದಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ನೀವೇನಂತೀರಿ?

ಟೆಕ್ಸಾಸ್ ಹುಡುಗ:

ನನಗೂ ಇದನ್ನು ತಿಳಿಯಬೇಕು. ಇನ್ನೊಂದು ಕೇಳುವುದಿದೆ. 2021ರ ಫೆಬ್ರವರಿಯಲ್ಲಿ ಇಲ್ಲಿ ಹಿಮ ಬಿದ್ದು ಗ್ರಿಡ್ ಕೈಕೊಟ್ಟಿತಲ್ಲ, ಲಕ್ಷಾಂತರ ಮನೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆಗ ನನ್ನ ಹತ್ತಿರ ಹಾವು ಇರಲಿಲ್ಲ. ಮತ್ತೆ ಹಾಗಾದರೆ ಹದಿನೈದು ಡಬ್ಬವನ್ನು ಹೇಗೆ ಬೆಚ್ಚಗಿಡುವುದು?

ಶಿರಸಿ ಬಡಗಿ:

ಲೀಡ್ಸ್ ತಂಗಿ ಹೇಳಿದ್ದು ಸರಿ. ನಾನೂ ಅದನ್ನೇ ಬರೆಯುವವನಿದ್ದೆ. ಮರಿಗಳಿಗೆ, ಹೊಸದಾಗಿ ತಂದು ಬೇರೆ ಇಡಬೇಕಾದ ಹಾವಿಗೆ, ಔಷಧಿ ನಡೆಯುತ್ತಿರುವ ಹಾವಿಗೆ ರ‍್ಯಾಕ್ ಒಳ್ಳೆಯದು. ಚಿಕ್ಕ ಜಾಗ ಇದ್ದರೆ ಮರಿ ಧೈರ್ಯವಾಗಿ ಉಣ್ಣುತ್ತದೆ, ಯಾವುದು ಉಂಡಿತು ಯಾವುದು ಬಿಟ್ಟಿತು ಅನ್ನುವುದು ನಿಮಗೂ ಗೊತ್ತಾಗುತ್ತದೆ. ಬೆಳೆದ ಮೇಲೆ ಅಲ್ಲೇ ಬಿಡಬೇಡಿ. ಬಾಲ್ ಪೈಥಾನ್ ಗಂಡು ಮೂರು, ಮೂರೂವರೆ ಅಡಿ ಬೆಳೆಯುತ್ತದೆ. ಅದಕ್ಕೆ ಅಂತ ಜನ ಬಳಸುವ 41 ಕ್ವಾರ್ಟ್ ಡಬ್ಬ ಸುಮಾರು 35 ಇಂಚು ಉದ್ದ, ಆರು ಇಂಚು ಎತ್ತರ. ಹಾವು ಬದುಕುತ್ತದೆ, ಉಣ್ಣುತ್ತದೆ, ಪೊರೆಯನ್ನೂ ಬಿಡುತ್ತದೆ. ಅಷ್ಟೇ ಸಾಕು ಅಂತ ನನಗೆ ಅನ್ನಿಸುವುದಿಲ್ಲ. ಇನ್ನೊಂದು ಹಾಳೆ ತಂದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ ಮಾಡಿ, ಮುಂದೆ ಗಾಜಿನ ಜಾರುಬಾಗಿಲು ಹಾಕಿ. ನಿಮಗೆ ಎರಡು ಭಾನುವಾರದ ಕೆಲಸ.

ತಾಂತ್ರಿಕವಾಗಿಯೂ ಎರಡು ಜಾತಿ ಒಂದೇ ರ‍್ಯಾಕ್‌ಗೆ ಹೊಂದುವುದಿಲ್ಲ. ಬಾಲ್ ಪೈಥಾನ್‌ಗೆ ಬಿಸಿ ಜಾಗ 88ರಿಂದ 90 ಫ್ಯಾರನ್‌ಹೀಟ್ ಬೇಕು, ತೇವ ಅರವತ್ತು ಪರ್ಸೆಂಟ್ ಆಸುಪಾಸು ಬೇಕು. ಕಾರ್ನ್ ಮರಿಗೆ ಆ ಬಿಸಿ ಜಾಸ್ತಿ, ಆ ತೇವವೂ ಬೇಡ. ಒಂದೇ ಥರ್ಮೋಸ್ಟಾಟ್ ಎರಡಕ್ಕೂ ನ್ಯಾಯ ಮಾಡಲಾರದು.

ಕರೆಂಟ್ ವಿಷಯ. ಬಿರುಗಾಳಿ, ಹಿಮದ ಮುನ್ಸೂಚನೆ ಬಂದ ಕೂಡಲೇ ಊಟ ನಿಲ್ಲಿಸಿ. ಇದೇ ಮೊದಲ ಕೆಲಸ. ಮೈ ತಣ್ಣಗಾದರೆ ಹಾವಿಗೆ ಜೀರ್ಣವಾಗುವುದಿಲ್ಲ, ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ವಾಂತಿ ಮಾಡಿಕೊಳ್ಳುತ್ತದೆ. ಚಿಕ್ಕ ಮರಿ ಅದರಿಂದ ಚೇತರಿಸಿಕೊಳ್ಳುವುದು ಕಷ್ಟ. ಖಾಲಿ ಹೊಟ್ಟೆಯ ಹಾವು ಸ್ವಲ್ಪ ಚಳಿಯನ್ನು ತಡೆದುಕೊಳ್ಳುತ್ತದೆ. ಚಳಿ ಜಾಸ್ತಿಯಾದರೆ ಪ್ರತಿ ಮರಿಯನ್ನೂ ತೂತು ಮಾಡಿದ ಚಿಕ್ಕ ಪ್ಲಾಸ್ಟಿಕ್ ಕಪ್‌ಗೆ ಹಾಕಿ, ಎಲ್ಲವನ್ನೂ ಒಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿ. ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಡಿ. ಹದಿನಾಲ್ಕು ಮರಿ ಒಂದು ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ಪಾರ್ಸೆಲ್‌ಗೆ ಬಳಸುವ ಹೀಟ್ ಪ್ಯಾಕ್ ಹಾಕಿದರೆ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬೇಡಿ. ಅದರಲ್ಲಿರುವ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕ ತೆಗೆದುಕೊಂಡೇ ಬಿಸಿಯಾಗುತ್ತದೆ, ಹಾವಿಗೂ ಅದೇ ಗಾಳಿ ಬೇಕು. ಜನರೇಟರ್ ಅನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಓಡಿಸಬೇಡಿ. ಅದರ ಹೊಗೆ ನಿಮ್ಮ ಪ್ರಾಣವನ್ನೇ ತೆಗೆಯುತ್ತದೆ.

ಚಾಮುಂಡಿಪುರಂ:

ಸರ್, ನಾನು ಮೈಸೂರಿನಿಂದ. ನಮ್ಮ ಹಿತ್ತಲಿಗೆ ಆಗಾಗ ಕೇರೆ ಹಾವು ಬರುತ್ತದೆ. ವಿಷ ಇಲ್ಲವಲ್ಲ, ಒಂದು ಮರಿ ಹಿಡಿದು ಹೀಗೇ ಡಬ್ಬ ಮಾಡಿ ಸಾಕಬಹುದಾ? ಇಲ್ಲದಿದ್ದರೆ ಬಾಲ್ ಪೈಥಾನ್ ಕೊಂಡು ತರಬಹುದಾ?

ಶಿರಸಿ ಬಡಗಿ:

ಕೇರೆಯನ್ನು ಹಿಡಿಯಬೇಡಿ ತಮ್ಮಾ. ಕೇರೆ, ನಾಗರ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ, ಜೈಲಿನ ಶಿಕ್ಷೆಯೂ ಇದೆ. ಕಾಯ್ದೆ ಇರದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ನಮ್ಮ ಅಡಿಕೆ ತೋಟದಲ್ಲಿ ಕೇರೆ ಕಂಡರೆ ಅಪ್ಪ ಕೆಲಸ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಇಲಿ ಹಿಡಿಯುವ ಆಳು ಅದು, ಕೂಲಿ ಕೇಳುವುದಿಲ್ಲ. ಆರೇಳು ಅಡಿ ಬೆಳೆದು ಬೇಲಿಯಿಂದ ಬೇಲಿಗೆ ಓಡಾಡುವ ಜೀವಿ. ಡಬ್ಬದಲ್ಲಿ ಗೋಡೆಗೆ ಮೂತಿ ಬಡಿದುಕೊಂಡೇ ಸೊರಗುತ್ತದೆ. ನಿಮ್ಮ ಹಿತ್ತಲಿಗೆ ಬರುತ್ತಿದೆಯಲ್ಲ, ಅದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಯಾರೂ ಕಟ್ಟಿಕೊಡಲಾರರು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿಗಳು ನಮ್ಮ ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ ಬಂದಿವೆ. 2024ರಲ್ಲಿ ನೋಂದಣಿಯ ನಿಯಮ ಬಂತು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ, ಮರಿ ಹಾಕಿದರೆ, ಸತ್ತರೆ ತಿಳಿಸಬೇಕು. ಕಾಗದ ಇಲ್ಲದೆ ಮಾರುವವರ ಹತ್ತಿರ ಹೋಗಲೇಬೇಡಿ. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಮುಂದೆ ಎಲ್ಲ ಸರಿಯಾಗಿ ನಡೆದರೂ ಅಮೆರಿಕದ 120 ವೋಲ್ಟ್ ಹೀಟ್ ಟೇಪ್ ತರಿಸಿ ಅಲ್ಲಿನ 230 ವೋಲ್ಟ್‌ಗೆ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಟೆಕ್ಸಾಸ್ ಹುಡುಗ:

ಡಬ್ಬ ತಂದೆ, ಹದಿನೆಂಟು. ಮುಚ್ಚಳ ತೆಗೆದು ಅಳೆದರೆ ಎತ್ತರ 4 ಮತ್ತು 5/8 ಇಂಚು, ಅಂಚಿನ ಹತ್ತಿರ ಅಗಲ ಎಂಟೂಕಾಲು. ಬಾಲ್ ಪೈಥಾನ್‌ಗೆ ಬೇರೆ ಪೆಟ್ಟಿಗೆ ಮಾಡುವುದು ಅಂತ ತೀರ್ಮಾನ ಆಯಿತು. ಈಗ ಕತ್ತರಿಸುವ ಅಳತೆ ಹೇಳಿ ಅಣ್ಣ.

ಶಿರಸಿ ಬಡಗಿ:

ಹಾಗಾದರೆ ಹಲಗೆಗಳ ನಡುವೆ 4 ಮತ್ತು 11/16 ಇಂಚು ಇರಲಿ. ಐದು ಸಾಲಿಗೆ ಅಷ್ಟು, ಅದಕ್ಕೆ ಆರು ಹಲಗೆಯ ದಪ್ಪ ಸೇರಿಸಿದರೆ ಪಕ್ಕದ ಗೋಡೆ 27 ಮತ್ತು 15/16 ಇಂಚು. ಹಲಗೆ 26 ಇಂಚು ಉದ್ದ. ಬೋರ್ಡಿನ ದಪ್ಪವನ್ನೂ ಒಮ್ಮೆ ಅಳೆದುಕೊಳ್ಳಿ, ಮುಕ್ಕಾಲು ಇಂಚು ಅಂತ ಬರೆದಿದ್ದರೂ ಕೂದಲೆಳೆ ವ್ಯತ್ಯಾಸ ಇರುತ್ತದೆ.

ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಂಡು ಹಲಗೆ ಕೂರಿಸಬೇಡಿ. ಉಳಿದ ಚೂರಿನಿಂದ ಸರಿಯಾಗಿ 4 ಮತ್ತು 11/16 ಇಂಚಿನ ಎರಡು ತುಂಡು ಕತ್ತರಿಸಿ. ಕೆಳಗಿನ ಹಲಗೆಯನ್ನು ಮೂಲೆಮಟ್ಟ ಹಿಡಿದು ಸ್ಕ್ರೂ ಮಾಡಿ. ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು ಈ ತುಂಡು ನಿಲ್ಲಿಸಿ, ಮುಂದಿನ ಹಲಗೆಯನ್ನು ಅವುಗಳ ಮೇಲೆ ಕೂರಿಸಿ ಸ್ಕ್ರೂ ಬಿಗಿಯಿರಿ. ತುಂಡು ತೆಗೆದು ಮೇಲಿನ ಸಾಲಿಗೆ ಹೋಗಿ. ಸಂದಿ ಎಲ್ಲ ಕಡೆ ಒಂದೇ ಬರುತ್ತದೆ. ಪ್ರತಿ ಸಾಲು ಮುಗಿದ ತಕ್ಷಣ ಮೂರೂ ಡಬ್ಬ ತೂರಿಸಿ, ಕಾರ್ಡ್ ಹಾಕಿ ನೋಡಿಯೇ ಮುಂದಕ್ಕೆ ಹೋಗಿ. ಟೇಪ್‌ನ ತಗ್ಗು ಮಾತ್ರ ಜೋಡಿಸುವ ಮುಂಚೆಯೇ ಕೊರೆದಿರಬೇಕು, ಆಮೇಲೆ ರೂಟರ್ ಒಳಗೆ ಹೋಗುವುದಿಲ್ಲ.